ಊಟ ಎಷ್ಟು ಗಂಟೆಗೆ ಮುಗಿಯುತ್ತದೆ? ಮುಂಬೈನ ಮಕ್ಕಳು ಕಟ್ಟಿದ ಒಂದು ಲೆಕ್ಕ

ಮುಂಬೈನ ಪೂರ್ವ ಉಪನಗರದ ಒಂದು ಕನ್ನಡ ಸಂಘದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕ್ಲಾಸ್ ನಡೆಯುತ್ತದೆ. ಅದು ಮುಗಿದ ಮೇಲೆ ಒಂದು ಗಂಟೆ ನಾನು ಗಣಿತ ಮಾಡಿಸುತ್ತೇನೆ. ನಾಲ್ಕನೇ ತರಗತಿಯಿಂದ ಏಳನೇ ತರಗತಿಯವರೆಗಿನ 14 ಮಕ್ಕಳು. ಕೆಲವರ ಮನೆಯಲ್ಲಿ ತುಳು, ಕೆಲವರ ಮನೆಯಲ್ಲಿ ಧಾರವಾಡದ ಕನ್ನಡ. ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಟಕ್ಕಿಳಿದರೆ ಹಿಂದಿ, ಮರಾಠಿ. ಬೋರ್ಡು ಬೇರೆ, ಪುಸ್ತಕ ಬೇರೆ. ಹಾಗಾಗಿ ಪಠ್ಯ ಹಿಡಿದು ಪಾಠ ಮಾಡುವ ಗೋಜಿಗೆ ನಾನು ಹೋಗುವುದಿಲ್ಲ. ಮಕ್ಕಳೇ ತರುವ ಪ್ರಶ್ನೆಗಳನ್ನು ಗಣಿತದ ಮಾದರಿಯಾಗಿ, ಅಂದರೆ ನಿಜಜೀವನದ ಸಂಗತಿಯನ್ನು ಸಂಖ್ಯೆಗಳಲ್ಲಿ ಹಿಡಿದಿಡುವ ಲೆಕ್ಕವಾಗಿ, ಕಟ್ಟಿಸುವುದು ನನ್ನ ಕೆಲಸ. ಅಂಥ ಒಂದು ಪ್ರಶ್ನೆಯ ಪೂರ್ತಿ ಕಥೆ ಇದು.

ಪ್ರಶ್ನೆ ಹುಟ್ಟಿದ್ದು ಸಿಟ್ಟಿನಿಂದ. ಸಂಘದ ವಾರ್ಷಿಕೋತ್ಸವದಲ್ಲಿ ಮಧ್ಯಾಹ್ನದ ಊಟದ ನಂತರ ಮಕ್ಕಳ ನಾಟಕ ಇರುತ್ತದೆ. ಆಮಂತ್ರಣದಲ್ಲಿ 2:30 ಅಂತ ಇರುತ್ತದೆ. ಶುರುವಾಗುವುದು ನಾಲ್ಕೂವರೆಗೆ. ಏಳು ಗಂಟೆಗೆ ಹಾಲ್ ಬಿಟ್ಟುಕೊಡಬೇಕು. ಸನ್ಮಾನ, ಭಾಷಣ ಕತ್ತರಿಸಲು ಆಗುವುದಿಲ್ಲ. ಕತ್ತರಿ ಬೀಳುವುದು ಮಕ್ಕಳ ನಾಟಕಕ್ಕೆ. ಹಿಂದಿನ ವರ್ಷ 25 ನಿಮಿಷದ ನಾಟಕವನ್ನು ಹತ್ತೇ ನಿಮಿಷಕ್ಕೆ ಮುಗಿಸಿ ಅಂದಿದ್ದರು. ಆರನೇ ತರಗತಿಯ ಹುಡುಗಿಯೊಬ್ಬಳು, ಆ ನಾಟಕದ ರಾಣಿ, ವೇದಿಕೆಗೆ ಬರುವಷ್ಟರಲ್ಲಿ ಪರದೆ ಬಿತ್ತು. ಅವಳೇ ಕ್ಲಾಸಿನಲ್ಲಿ ಕೇಳಿದಳು: "ಟೀಚರ್, ಊಟ ಯಾಕೆ ಅಷ್ಟು ಲೇಟ್ ಆಗುತ್ತೆ? ಮೊದಲೇ ಗೊತ್ತು ಮಾಡ್ಕೊಳ್ಳೋಕೆ ಆಗಲ್ವಾ?"

ಮಾದರಿ ಕಟ್ಟಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ. ಉತ್ತರ ಯಾರ ಬಳಿಯೂ ಇಲ್ಲ. ನನ್ನ ಬಳಿಯೂ ಇರಲಿಲ್ಲ. ಉತ್ತರ ಬೇಕಾಗಿರುವುದು ಮಕ್ಕಳಿಗೆ. ಕೊನೆಗೆ ಅದು ಸರಿಯೋ ತಪ್ಪೋ ಅಂತ ಹೇಳುವುದು ಟೀಚರ್ ಅಲ್ಲ, ವಾರ್ಷಿಕೋತ್ಸವದ ದಿನದ ಗಡಿಯಾರ.

ಮೊದಲ ದಿನ ನಾನು ಯಾವ ಸಂಖ್ಯೆಯನ್ನೂ ಕೊಡಲಿಲ್ಲ. "ಏನೇನು ಗೊತ್ತಿದ್ದರೆ ಹೇಳಬಹುದು?" ಎಂದಷ್ಟೇ ಕೇಳಿದೆ. ಎಷ್ಟು ಜನ, ಒಮ್ಮೆಗೆ ಎಷ್ಟು ಎಲೆ, ಒಂದು ಪಂಕ್ತಿಗೆ ಎಷ್ಟು ಹೊತ್ತು. ಈ ಮೂರು ಬೇಗ ಬಂದವು. ಹಿಂದಿನ ವರ್ಷದ ಕೂಪನ್ ಲೆಕ್ಕ ಸಂಘದ ಪುಸ್ತಕದಲ್ಲಿತ್ತು: 370. ಊಟದ ಹಾಲಿಗೆ ಹೋಗಿ ಮಕ್ಕಳೇ ಎಣಿಸಿ ಬಂದರು: ಐದು ಸಾಲು, ಸಾಲಿಗೆ 16, ಒಟ್ಟು 80 ಎಲೆ. 370ನ್ನು 80ರಿಂದ ಭಾಗಿಸಿದರೆ 4, ಉಳಿದದ್ದು 50.

ಇಲ್ಲಿ ಸ್ವಲ್ಪ ನಿಲ್ಲಬೇಕು. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು. ಒಂದು ಬಸ್ಸಿನಲ್ಲಿ 36 ಸೈನಿಕರು ಹಿಡಿಯುತ್ತಾರೆ, 1,128 ಸೈನಿಕರನ್ನು ಸಾಗಿಸಲು ಎಷ್ಟು ಬಸ್ಸು ಬೇಕು? 100ಕ್ಕೆ 29 ಮಕ್ಕಳು "31, ಉಳಿದದ್ದು 12" ಅಂತ ಬರೆದರು. ಇನ್ನು 18 ಮಕ್ಕಳು 31 ಅಂದರು. 32 ಅಂತ ಬರೆದವರು 23 ಮಾತ್ರ. ಭಾಗಾಕಾರ ಬರಲಿಲ್ಲ ಅಂತಲ್ಲ, ಹೆಚ್ಚಿನವರಿಗೆ ಬಂದಿತ್ತು. ಲೆಕ್ಕ ಮುಗಿದ ಮೇಲೆ ಬಸ್ಸಿನ ಹತ್ತಿರ ವಾಪಸ್ ಹೋಗಿ ನೋಡುವ ಅಭ್ಯಾಸ ಇರಲಿಲ್ಲ. ಶಾಲೆಯ ಲೆಕ್ಕಗಳಲ್ಲಿ ಬಸ್ಸು, ಮಾವಿನಹಣ್ಣು, ರೈತ ಎಲ್ಲ ಸುಮ್ನೆ ನೆಪಕ್ಕೆ ಇರುತ್ತವೆ, ಮಕ್ಕಳಿಗೆ ಅದು ಬೇಗ ತಿಳಿದುಬಿಡುತ್ತದೆ.

ನಮ್ಮ ಮಕ್ಕಳಲ್ಲಿ "4, ಉಳಿದದ್ದು 50" ಅಂತ ನಿಲ್ಲಿಸಿದವರು ಯಾರೂ ಇಲ್ಲ. ಆ 50 ಜನರಲ್ಲಿ ತಾವೂ ಇರುತ್ತಾರೆ ಎಂದು ಅವರಿಗೆ ಗೊತ್ತು. ನಾಟಕದ ಮೇಕಪ್ ಇರುವುದರಿಂದ ಅವರು ಕೂರುವುದೇ ಕೊನೆಯ ಪಂಕ್ತಿಗೆ. ಐದು ಪಂಕ್ತಿ ಅಂದರು. ಜಗಳ ಶುರುವಾದದ್ದು ಆಮೇಲೆ. ಐದನೇ ಪಂಕ್ತಿಯಲ್ಲಿ 50 ಜನ ಮಾತ್ರ, ಹಾಗಾದರೆ ಅದಕ್ಕೆ ಕಡಿಮೆ ಹೊತ್ತು ಸಾಕಲ್ವಾ? ಐದನೇ ತರಗತಿಯ ಹುಡುಗ ತ್ರೈರಾಶಿ ಹಾಕಿಯೇಬಿಟ್ಟ. ನಾಲ್ಕನೇ ತರಗತಿಯ ಪುಟ್ಟಿ ಒಪ್ಪಲಿಲ್ಲ. "ನಾನು ಒಬ್ಬಳೇ ಊಟ ಮಾಡಿದರೂ ಅಷ್ಟೇ ಹೊತ್ತು ಬೇಕು" ಅಂದಳು. ಮಾತು ಮುಗಿಯಿತು. ತ್ರೈರಾಶಿ ಎಲ್ಲಿ ನಡೆಯುವುದಿಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ನಾನೇ ಹೇಳಿಕೊಡಲಾರೆ.

ಒಂದು ಪಂಕ್ತಿಗೆ ಎಷ್ಟು ಹೊತ್ತು ಎಂಬುದಕ್ಕೆ 20 ನಿಮಿಷದಿಂದ ಒಂದು ಗಂಟೆಯವರೆಗೆ ಉತ್ತರ ಬಂತು. ಊಹೆ ಸಾಕು, ಅಳೆಯೋಣ ಅಂತ ನಿರ್ಧಾರವಾಯಿತು. ಶ್ರಾವಣದಲ್ಲಿ ಸಂಘದ ಸತ್ಯನಾರಾಯಣ ಪೂಜೆ ಇತ್ತು. ಅದೇ ಹಾಲ್, ಅದೇ ಅಡುಗೆ ಭಟ್ರು, ಬಡಿಸುವವರೂ ಅವರೇ. ಇಬ್ಬರು ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದರು, ಒಬ್ಬಳು ನೋಟ್‌ಬುಕ್ ಹಿಡಿದಳು. ಎಲೆಯ ಮುಂದೆ ಎಲ್ಲರೂ ಕೂತಲ್ಲಿಂದ ಮಜ್ಜಿಗೆ ಕುಡಿದು ಏಳುವವರೆಗೆ ಮೊದಲ ಪಂಕ್ತಿಗೆ 26 ನಿಮಿಷ, ಎರಡನೆಯದಕ್ಕೆ 31, ಮೂರನೆಯದಕ್ಕೆ 27.

ಸ್ಟಾಪ್‌ವಾಚ್ ಹಿಡಿದವರಿಗೆ ಅಲ್ಲಿಯೇ ಇನ್ನೊಂದು ಕಂಡಿತು. ಜನ ಎದ್ದ ಕೂಡಲೇ ಮುಂದಿನ ಪಂಕ್ತಿ ಕೂರುವುದಿಲ್ಲ. ಎಲೆ ಎತ್ತಬೇಕು, ಟೇಬಲ್ ಒರೆಸಬೇಕು, ಹೊಸ ಎಲೆ ಹಾಕಿ ನೀರು ಇಡಬೇಕು, ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಮೊದಲೇ ಬಡಿಸಿರಬೇಕು. ಇದಕ್ಕೆ ಒಮ್ಮೆ 15 ನಿಮಿಷ, ಇನ್ನೊಮ್ಮೆ 13. ಕ್ಲಾಸಿನಲ್ಲಿ ಕೂತು ಪಟ್ಟಿ ಮಾಡಿದಾಗ ಯಾರಿಗೂ ಇದು ಹೊಳೆದಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿಸಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಬೋರ್ಡಿನ ಮೇಲೆ "ಒಂದು ಪಂಕ್ತಿಗೆ 42 ನಿಮಿಷ" ಅಂತ ನಾನೇ ಬರೆದಿದ್ದರೆ ಉಳಿಯುತ್ತಿದ್ದದ್ದು ಗುಣಾಕಾರ ಮಾತ್ರ. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಸದ್ಯಕ್ಕೆ ಹೀಗೇ ಅಂತ ಒಪ್ಪಿಕೊಳ್ಳಬೇಕು? ಮಾದರಿ ಕಟ್ಟುವುದು ಅಂದರೆ ಈ ತೀರ್ಮಾನಗಳೇ. ಸಂಖ್ಯೆಗಳನ್ನು ಆರಿಸಿ, ತೊಳೆದು ಕೈಗಿಟ್ಟರೆ ಮಕ್ಕಳ ಪಾಲಿನ ಕೆಲಸವನ್ನು ನಾವೇ ತಿಂದು ಹಾಕಿದಂತೆ.

ಸರಾಸರಿ ತೆಗೆದರು. ಊಟಕ್ಕೆ 28, ನಡುವೆ 14, ಒಟ್ಟು 42. ಐದು ಪಂಕ್ತಿಗೆ 210. ಕೊನೆಯ ಪಂಕ್ತಿಯ ನಂತರ ಎಲೆ ಹಾಕುವುದಿಲ್ಲ, 14 ಕಳೆಯಬೇಕು. 196 ನಿಮಿಷ. ಹನ್ನೆರಡೂವರೆಗೆ ಶುರುವಾದರೆ 3:46. ಏಳನೇ ತರಗತಿಯ ಹುಡುಗ ಸರಾಸರಿ ಬೇಡ ಅಂದ. ಕಾರ್ಯಕ್ರಮ ಗೊತ್ತುಮಾಡುವಾಗ ಕೆಟ್ಟ ಪಂಕ್ತಿಯನ್ನೇ ಹಿಡಿಯಬೇಕು ಅನ್ನುವುದು ಅವನ ವಾದ. 31 ಮತ್ತು 15 ಹಿಡಿದರೆ 215 ನಿಮಿಷ, ಅಂದರೆ 4:05. ಎರಡನ್ನೂ ಬರೆದಿಟ್ಟೆವು. ಶಾಲೆಯಲ್ಲಿ ಒಂದು ಪ್ರಶ್ನೆಗೆ ಒಂದೇ ಉತ್ತರ. ಇಲ್ಲಿ "3:46ರಿಂದ 4:05ರ ನಡುವೆ" ಅನ್ನುವುದೇ ಪ್ರಾಮಾಣಿಕ ಉತ್ತರ. ಇದನ್ನು ಒಪ್ಪಿಕೊಳ್ಳಲು ಚುರುಕು ಮಕ್ಕಳಿಗೇ ಜಾಸ್ತಿ ಕಷ್ಟವಾಯಿತು.

ಮಾದರಿ ಸರಿ ಇದೆಯಾ ಅಂತ ನೋಡುವುದು ಹೇಗೆ? ರಾಣಿಯ ಪಾತ್ರದ ಹುಡುಗಿಗೆ ಒಂದು ಉಪಾಯ ಹೊಳೆಯಿತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಿಂದಿನ ವರ್ಷದ ಫೋಟೋಗಳಿದ್ದವು. ಅಮ್ಮನ ಫೋನಿನಲ್ಲಿ ಒಂದೊಂದೇ ತೆರೆದು ತೆಗೆದ ಸಮಯ ಬರೆದುಕೊಂಡಳು. ಮೊದಲ ಪಂಕ್ತಿ ಕೂತ ಫೋಟೋ 12:50ರದ್ದು. ಅಧ್ಯಕ್ಷರ ಮಾತು ಮುಗಿಯುವುದು ತಡವಾಗಿತ್ತು. ಅಲ್ಲಿಂದ ಮಾದರಿಯ ಪ್ರಕಾರ ಐದನೇ ಪಂಕ್ತಿ ಕೂರಬೇಕಾದದ್ದು 3:38ಕ್ಕೆ, ಏಳಬೇಕಾದದ್ದು 4:06ಕ್ಕೆ. 3:58ರ ಒಂದು ಫೋಟೋದಲ್ಲಿ ಅವಳ ತಮ್ಮ ಎಲೆಯ ಮುಂದೆ ಕೂತಿದ್ದಾನೆ, ಹಿಂದೆ ಒಬ್ಬರು ಮಜ್ಜಿಗೆಯ ಜಗ್ ಹಿಡಿದು ಬರುತ್ತಿದ್ದಾರೆ. ಆ ಫೋಟೋ ನೋಡಿ ಕ್ಲಾಸಿನಲ್ಲಿ ಎದ್ದ ಗಲಾಟೆಗೆ ಪಕ್ಕದ ರೂಮಿನ ಭಜನೆಯವರು ಬಂದು ಬಾಗಿಲು ಹಾಕಿಕೊಂಡು ಹೋದರು.

ಇನ್ನು ಏನು ಬದಲಾಯಿಸಿದರೆ ಏನಾಗುತ್ತದೆ? ಎಲ್ಲರಿಗೂ ಮೊದಲು ಹೊಳೆದದ್ದು ಟೇಬಲ್ ಜಾಸ್ತಿ ಮಾಡುವುದು. ಇನ್ನೆರಡು ಸಾಲು ಹಾಕಿದರೆ 112 ಎಲೆ, ನಾಲ್ಕೇ ಪಂಕ್ತಿ. 4ನ್ನು 42ರಿಂದ ಗುಣಿಸಿ 14 ಕಳೆದರೆ 154 ನಿಮಿಷ, 3:04ಕ್ಕೆ ಮುಗಿಯಿತು. ಇದನ್ನು ಹಿಡಿದುಕೊಂಡು ಅಡುಗೆ ಭಟ್ರ ಹತ್ತಿರ ಹೋದೆವು. ಭಟ್ರು ಕೇಳಿ ನಕ್ಕರು. "ಬಡಿಸುವವರು ಅಷ್ಟೇ ಜನ ಇದ್ದರೆ ಎಲೆ ಜಾಸ್ತಿ ಹಾಕಿ ಎಂತ ಮಾಡೋದು ಮಾಣಿ? ಈ ತುದಿಗೆ ಅನ್ನ ಬರುವಾಗ ಸಾರು ಆ ತುದಿಯಲ್ಲೇ ಇರ್ತದೆ." ಎರಡು ಸಾಲು ಹೆಚ್ಚಿದರೆ ಆರೇಳು ನಿಮಿಷ ಜಾಸ್ತಿ ಹಿಡಿಯುತ್ತದೆ ಎಂಬುದು ಅವರ ಅಂದಾಜು. 42ರ ಬದಲು 48 ಹಾಕಿದರು. 178 ನಿಮಿಷ, 3:28. ಎರಡು ಸಾಲು ಟೇಬಲ್ ಬಾಡಿಗೆಗೆ ತಂದು ಉಳಿಯುವುದು 18 ನಿಮಿಷ.

"ಬೇಗ ತಿಂದವರು ಎದ್ದು ಹೋದರೆ?" ಅಂತ ಒಬ್ಬ ಕೇಳಿದ. ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರೂ ಒಟ್ಟಿಗೇ ಏಳಬೇಕು, ಪಕ್ಕದವರು ಉಣ್ಣುತ್ತಿರುವಾಗ ಎದ್ದು ಹೋಗಬಾರದು ಎಂದು ಭಟ್ರು ಹೇಳಿದರು. ಇದೂ ಮಾದರಿಯೊಳಗೆ ಬಂತು. ಒಂದು ಪಂಕ್ತಿಯ ಹೊತ್ತು ಅಂದರೆ ಎಲ್ಲರಿಗಿಂತ ನಿಧಾನವಾಗಿ ಉಣ್ಣುವ ಅಜ್ಜಿಯ ಹೊತ್ತು. ಮಕ್ಕಳು ಅದನ್ನು ಬದಲಾಯಿಸಬಹುದಾದ ಸಂಗತಿಗಳ ಪಟ್ಟಿಯಿಂದ ತೆಗೆದು, ಬದಲಾಯಿಸಬಾರದವುಗಳ ಪಟ್ಟಿಗೆ ಬರೆದರು. ಸಂಪ್ರದಾಯವನ್ನು ಅಡಚಣೆ ಎಂದು ನೋಡದೆ ಷರತ್ತು ಎಂದು ಬರೆದದ್ದು ನನಗೆ ತುಂಬಾ ಹಿಡಿಸಿತು.

ಬಫೆಯ ಮಾತು ತಂದವನು ಕ್ಲಾಸಿನ ಇನ್ನೊಬ್ಬ ಹುಡುಗ. ಅವನ ಅಪ್ಪ ಆಫೀಸೊಂದರ ಕ್ಯಾಂಟೀನ್ ನಡೆಸುತ್ತಾರೆ. ಶಾಲೆಯಲ್ಲಿ ಭಾಗಾಕಾರ ಅಂದರೆ ತಲೆ ತಗ್ಗಿಸುವವನು. ಇಲ್ಲಿ ಅವನೇ ಮೇಷ್ಟ್ರಾದ. "ಸಾಲು ಓಡೋದು ಎಲ್ಲಕ್ಕಿಂತ ನಿಧಾನದ ಪಾತ್ರೆಯ ಸ್ಪೀಡಿನಲ್ಲಿ, ಬೇರೆ ಪಾತ್ರೆಗಳು ಎಷ್ಟು ಬೇಗ ಇದ್ದರೂ ಏನೂ ಪ್ರಯೋಜನ ಇಲ್ಲ" ಅಂದ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಅಂಗಡಿಯ ಮುಂದೆ ಬಾಯಲ್ಲೇ ಮಾಡಿದ ಲೆಕ್ಕಗಳಲ್ಲಿ 100ಕ್ಕೆ 98 ಸರಿ. ಅವೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರಿ ಸಂಖ್ಯೆಯಾಗಿ ಕೊಟ್ಟಾಗ 37. ನಮ್ಮ ಮುಂಬೈಯಲ್ಲೂ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಸಂಶೋಧಕರು ಧಾರಾವಿಯ ಸಣ್ಣ ಕಾರ್ಖಾನೆಗಳ ನಡುವೆ ಬೆಳೆಯುವ ಮಕ್ಕಳ ಗಣಿತವನ್ನು ಅಭ್ಯಾಸ ಮಾಡಿದ್ದಾರೆ. ಇಂಥ ಮಕ್ಕಳಿಗೆ ಬಾಯಿ ಬಿಡಲು ಜಾಗ ಸಿಗುವುದು ಮಾದರಿ ಕಟ್ಟುವ ಕ್ಲಾಸಿನಲ್ಲಿ. ಅದೊಂದಕ್ಕಾದರೂ ಇದನ್ನು ಕಲಿಸಬೇಕು.

ಅಂದಹಾಗೆ, ಸಾಲು ಮತ್ತು ಕಾಯುವಿಕೆಯ ಗಣಿತವೂ ಹುಟ್ಟಿದ್ದು ಹೀಗೇ, ಕೆಲಸದ ಜಾಗದಲ್ಲಿ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಫೋನ್ ಕರೆಗಳ ಬಗ್ಗೆ ಬರೆದ ಲೇಖನ ಅದರ ಮೊದಲ ಹೆಜ್ಜೆ. ದೊಡ್ಡ ಮಕ್ಕಳಿಗೆ ಇಷ್ಟು ಹೇಳಿ ಮುಂದೆ ಹೋದೆ.

ಬಫೆಗೆ ಎಷ್ಟು ಹೊತ್ತು ಬೇಕು ಅಂತ ನೋಡಲು ಮಕ್ಕಳು ಡಬ್ಬಗಳನ್ನು ಸಾಲಾಗಿ ಇಟ್ಟು, ತಟ್ಟೆ ಹಿಡಿದು ನಡೆದು, ಒಬ್ಬರ ಹಿಂದೆ ಒಬ್ಬರು 15 ಸೆಕೆಂಡಿಗೆ ಹೊರಬರುತ್ತಾರೆ ಎಂದು ಗೊತ್ತುಮಾಡಿಕೊಂಡರು. ಎರಡು ಸಾಲಾದರೆ ಸಾಲಿಗೆ 185 ಜನ. 2,775 ಸೆಕೆಂಡು, ಸುಮಾರು 46 ನಿಮಿಷ. ಪಂಕ್ತಿಯ ಮೂರು ಗಂಟೆಯ ಮುಂದೆ ಇದು ಏನೇನೂ ಅಲ್ಲ. ಆದರೆ ನಿಂತು ಉಣ್ಣಲು ಅಜ್ಜ, ಅಜ್ಜಿಯರಿಗೆ ಆಗುವುದಿಲ್ಲ. ಹಾಗಾಗಿ ಎರಡನ್ನೂ ಸೇರಿಸುವುದು ಅಂತಾಯಿತು. ಪಂಕ್ತಿಗೆ ಎಷ್ಟು ಜನ ಕೂರಬಹುದು? ತಮ್ಮ 14 ಮನೆಗಳ ಲೆಕ್ಕ ಹಾಕಿದರು. ಒಟ್ಟು 56 ಜನರಲ್ಲಿ 24 ಜನ ಕೂರುತ್ತಾರೆ. ಏಳರಲ್ಲಿ ಮೂರು ಪಾಲು. 370ರಲ್ಲಿ ಸುಮಾರು 160. ಸರಿಯಾಗಿ ಎರಡು ಪಂಕ್ತಿ, 70 ನಿಮಿಷ. ಉಳಿದ 210 ಜನ ಬಫೆಯಲ್ಲಿ ಅಷ್ಟರೊಳಗೆ ಮುಗಿಸಿರುತ್ತಾರೆ. ಊಟ 1:40ಕ್ಕೆ ಖಾಲಿ.

ಚಾರ್ಟ್ ಹಿಡಿದು ಕಾರ್ಯಕಾರಿ ಸಮಿತಿಯ ಮುಂದೆ ಹೋದರು. ಹಿರಿಯರೊಬ್ಬರು ಕೇಳಿದರು: "ಪಂಕ್ತಿ ಊಟ ಬಿಟ್ಟರೆ ನಮ್ಮ ಸಂಘಕ್ಕೂ ಹೋಟೆಲಿಗೂ ಏನು ವ್ಯತ್ಯಾಸ ಮಕ್ಕಳೇ?" ಗಣಿತದಿಂದ ಉತ್ತರ ಕೊಡಲಾಗದ ಪ್ರಶ್ನೆ ಅದು. ಆರನೇ ತರಗತಿಯ ರಾಣಿ ಹೇಳಿದಳು, "ಪಂಕ್ತಿ ಬಿಡಿ ಅಂತ ನಾವು ಹೇಳ್ತಿಲ್ಲ ಅಜ್ಜ. ಐದು ಪಂಕ್ತಿ ಇಟ್ಟರೆ ನಾಟಕ ಎಷ್ಟು ಗಂಟೆಗೆ, ಎರಡು ಇಟ್ಟರೆ ಎಷ್ಟು ಗಂಟೆಗೆ, ಅಷ್ಟು ಬರೆದಿದ್ದೇವೆ. ಯಾವುದು ಬೇಕು ಅಂತ ನೀವು ಹೇಳಿ." ಮಾದರಿ ಏನು ಹೇಳಬಲ್ಲದು, ಎಲ್ಲಿ ಸುಮ್ಮನಿರಬೇಕು ಎಂಬುದು ಅವಳಿಗೆ ತಿಳಿದಿತ್ತು. ಸಮಿತಿ ಒಪ್ಪಿತು, ಒಂದು ವರ್ಷದ ಮಟ್ಟಿಗೆ.

ವಾರ್ಷಿಕೋತ್ಸವದ ದಿನ ಊಟ ಶುರುವಾದದ್ದು 12:55ಕ್ಕೆ. ಮುಗಿದದ್ದು 2:50ಕ್ಕೆ. ಮಾದರಿ ಹೇಳಿದ 70 ನಿಮಿಷ ಎಲ್ಲಿ, ಆದ 115 ನಿಮಿಷ ಎಲ್ಲಿ! ಬಫೆಯಲ್ಲಿ ಬಿಸಿ ಹೋಳಿಗೆಯ ಕಾವಲಿಯ ಮುಂದೆ ಉದ್ದ ಸಾಲು ನಿಂತಿತ್ತು. ಒಬ್ಬೊಬ್ಬರಿಗೆ ಹೋಳಿಗೆ, ಮೇಲೆ ತುಪ್ಪ ಅಂತ ಅರ್ಧ ನಿಮಿಷ. ದೊಡ್ಡವರೆಲ್ಲ ಹೋಳಿಗೆಯನ್ನೇ ದೂರಿದರು. ಮಕ್ಕಳ ನೋಟ್‌ಬುಕ್ ಬೇರೆ ಹೇಳುತ್ತಿತ್ತು. ಆ ದಿನ 380 ಕೂಪನ್, ಬಫೆಗೆ ಹೋದವರು 148 ಜನ. ಸಾಲಿಗೆ 74. ಅರ್ಧ ನಿಮಿಷದಂತೆ ಹಿಡಿದರೂ 37 ನಿಮಿಷ. ಬಫೆ ಯಾವಾಗಲೋ ಖಾಲಿಯಾಗಿತ್ತು. ತಡವಾದದ್ದು ಪಂಕ್ತಿಯಿಂದ. ಅಲ್ಲಿ ಕೂತವರು 160 ಅಲ್ಲ, 232. ಎರಡು ಪಂಕ್ತಿಯ ಜಾಗದಲ್ಲಿ ಮೂರು. ಮೂರು ಪಂಕ್ತಿಗೆ ಅದೇ ಮಾದರಿ ಕೊಡುವುದು 112 ನಿಮಿಷ, 2:47. ಆದದ್ದು 2:50.

ಮುಂದಿನ ಭಾನುವಾರ ಇದನ್ನೇ ಹಿಡಿದು ಕೂತೆವು. ಗುಣಾಕಾರ ಸರಿ, 42 ನಿಮಿಷ ಸರಿ, "ಏಳರಲ್ಲಿ ಮೂರು" ತಪ್ಪು. ಯಾಕೆ? ಒಬ್ಬ ಹೇಳಿದ, ನಮ್ಮ ಮನೆಗಳಲ್ಲಿ ಮಕ್ಕಳಿದ್ದಾರೆ, ಅಪ್ಪ ಅಮ್ಮ ಚಿಕ್ಕವರು. ಸಂಘದಲ್ಲಿ ಮಕ್ಕಳು ದುಬೈಗೋ ಬೆಂಗಳೂರಿಗೋ ಹೋಗಿ ಅಜ್ಜ, ಅಜ್ಜಿ ಇಬ್ಬರೇ ಇರುವ ಮನೆಗಳು ಎಷ್ಟೊಂದಿವೆ, ಅವರನ್ನು ಕೇಳಲೇ ಇಲ್ಲ. ಇನ್ನೊಬ್ಬಳು, "ನಮ್ಮ ಅಪ್ಪನೂ ಪಂಕ್ತಿಗೇ ಕೂತರು, ಬಾಳೆ ಎಲೆ ಸಿಗೋದು ವರ್ಷಕ್ಕೊಮ್ಮೆ ಅಂತ" ಅಂದಳು. ಯಾರನ್ನು ಕೇಳಿ ಎಲ್ಲರ ಬಗ್ಗೆ ಹೇಳುತ್ತೇವೆ ಎಂಬುದು ಸಂಖ್ಯಾಶಾಸ್ತ್ರದ ದೊಡ್ಡ ಪಾಠ. ಅದು ಹನ್ನೊಂದು ವರ್ಷದ ಮಕ್ಕಳ ಬಾಯಿಂದ ಬಂತು.

ಇದನ್ನು ಕಲಿಸಲು ಹೊರಟವರಿಗೆ ಒಂದೆರಡು ಮಾತು. ಚಿಕ್ಕವರಿಗೆ ಎಣಿಸುವುದು, ಅಳೆಯುವುದು, "ಇದು ಹಾಗಲ್ಲ" ಅಂತ ಆಕ್ಷೇಪ ಎತ್ತುವುದು ಚೆನ್ನಾಗಿ ಬರುತ್ತದೆ. ಒಂದು ಸಂಖ್ಯೆ ಬದಲಾದರೆ ಕೊನೆಯ ಉತ್ತರ ಎಷ್ಟು ಅಲುಗಾಡುತ್ತದೆ ಎಂದು ನೋಡುವುದು ಆರು, ಏಳನೇ ತರಗತಿಯವರಿಗೆ ಸಾಧ್ಯ. ಒಂದೇ ಪ್ರಶ್ನೆಯಲ್ಲಿ ಇಬ್ಬರಿಗೂ ಕೆಲಸ ಇರಲಿ, ತರಗತಿ ನೋಡಿ ಬೇರೆ ಬೇರೆ ಕೂರಿಸಬೇಡಿ. ಅಮೆರಿಕದ ಎರಡು ಗಣಿತ ಸಂಸ್ಥೆಗಳು ಸೇರಿ 2016ರಲ್ಲಿ ತಂದ ವರದಿಯೂ ಮಾದರಿ ಕಟ್ಟುವುದನ್ನು ಚಿಕ್ಕ ತರಗತಿಯಿಂದಲೇ ಶುರು ಮಾಡಿ ಅನ್ನುತ್ತದೆ. ಬೀಜಗಣಿತ ಬರುವವರೆಗೆ ಕಾಯಬೇಕು ಅನ್ನುವವರಿಗೆ ನಮ್ಮ ನಾಲ್ಕನೇ ತರಗತಿಯ ಪುಟ್ಟಿಯ ಒಂದು ಮಾತೇ ಸಾಕು. ಸಮಯ ಮಾತ್ರ ಧಾರಾಳವಾಗಿ ಬೇಕು. ಇಷ್ಟಕ್ಕೆ ಶ್ರಾವಣದಿಂದ ಡಿಸೆಂಬರ್‌ವರೆಗೆ ಹಿಡಿಯಿತು.

ವಾರ್ಷಿಕೋತ್ಸವದ ಆ ದಿನ 3:10ಕ್ಕೆ ನಾಟಕ ಶುರುವಾಗಿ 25 ನಿಮಿಷ ಪೂರ್ತಿ ನಡೆಯಿತು. ಮುಂದಿನ ವರ್ಷದ ಕೂಪನ್ನಿನಲ್ಲಿ "ಪಂಕ್ತಿ" ಮತ್ತು "ಬಫೆ" ಅಂತ ಎರಡು ಚೌಕ ಮುದ್ರಿಸಬೇಕು ಎಂದು ಮಕ್ಕಳು ಸಮಿತಿಗೆ ಅರ್ಜಿ ಬರೆದುಕೊಟ್ಟಿದ್ದಾರೆ. ಹೋಳಿಗೆಗೆ ಇನ್ನೊಂದು ಕಾವಲಿ ಬೇಕು ಅಂತ ಕ್ಯಾಂಟೀನ್ ಹುಡುಗ ಅದರ ಕೆಳಗೆ ಬೇರೆ ಶಾಯಿಯಲ್ಲಿ ಸೇರಿಸಿದ್ದಾನೆ.